ದೊಡ್ಡತಾಯಮ್ಮನ ಕೈಗೆ ದೃಷ್ಟಿಯಾದ ಬೇಸಿಗೆ

ಬೇಸಿಗೆಯಲ್ಲಿ ಯಾರೇ ಮನೆಗೆ ಬಂದರೂ ಒಂದು ಲೋಟ ನೀರು, ಒಂದು ಚೂರು ಬೆಲ್ಲ ಕೊಡುವುದು ನಮ್ಮ ಹೊಣಕೆರೆ ಕಡೆಯ ಪದ್ಧತಿ. ಅದು ಎಲ್ಲರ ಮನೆಯ ಮಾತಾಯಿತು. ನಮ್ಮ ಪಕ್ಕದ ಚಿಕ್ಕಸ್ವಾಮಿಯ ಮನೆಗೆ ಮಾತ್ರ ಜನ ನೆಪ ಹುಡುಕಿಕೊಂಡು ಹೋಗುತ್ತಿದ್ದರು. ಒಬ್ಬನಿಗೆ ಕುಂಟೆ ಬೇಕಾಗಿರುತ್ತಿತ್ತು, ಇನ್ನೊಬ್ಬನಿಗೆ ಡೇರಿಯ ಸುದ್ದಿ ಹೇಳಬೇಕಾಗಿರುತ್ತಿತ್ತು. ನಿಜವಾದ ಕಾರಣ ಆ ಮನೆಯ ಸೊಸೆ ದೊಡ್ಡತಾಯಮ್ಮನ ಕೈಯ ಪಾನಕ. ಕುಡಿದು, ಮೀಸೆ ಒರೆಸಿಕೊಂಡು, "ಏನ್ ಕೈಯವ್ವ ನಿಂದು!" ಎಂದು ಹೊಗಳಿ, ಖಾಲಿ ಲೋಟವನ್ನು ಜಗಲಿಯ ಮೇಲೇ ಬಿಟ್ಟು ಎದ್ದು ಹೋಗುತ್ತಿದ್ದರು. ಹೊಗಳುವುದಕ್ಕೇನು ಗಂಟು ಹೋಗುತ್ತದೆ? ಲೋಟ ತೊಳೆಯುವವಳು ಅವಳೇ ತಾನೆ.

ನಾನು ಆ ಬೀದಿಗೆ ಸೊಸೆಯಾಗಿ ಬಂದ ಮರುವರ್ಷವೇ ಅವಳೂ ಬಂದಳು. ನಮ್ಮಿಬ್ಬರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅವಳ ಕಷ್ಟಸುಖವೆಲ್ಲ ನನಗೆ ಗೊತ್ತಾದದ್ದು ಆ ಗೋಡೆಯ ಮೇಲೆ ಮೊಣಕೈ ಊರಿಕೊಂಡೇ. ಅವಳು ಹೆಚ್ಚು ಮಾತಿನವಳಲ್ಲ. ಕೆಲಸ ಮಾಡುತ್ತಲೇ ಒಂದು ಮಾತು ಆಡುವಳು, ಎರಡನೇ ಮಾತಿಗೆ ಒಳಗಿನಿಂದ ಯಾರಾದರೂ ಕೂಗುವರು.

ಯುಗಾದಿ ಕಳೆಯಿತೆಂದರೆ ಅವಳ ಮನೆ ತುಂಬುತ್ತಿತ್ತು. ಪಾಂಡವಪುರಕ್ಕೆ ಕೊಟ್ಟಿದ್ದ ನಾದಿನಿ ಬರುವಳು, ಶ್ರೀರಂಗಪಟ್ಟಣಕ್ಕೆ ಕೊಟ್ಟಿದ್ದ ನಾದಿನಿ ಬರುವಳು, ಇಬ್ಬರ ಮಕ್ಕಳೂ ಬರುವರು. ಶಾಲೆಗಳು ತೆರೆಯುವ ತನಕ ಯಾರೂ ಕದಲುತ್ತಿರಲಿಲ್ಲ. ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ತವರಿಗೆ ಬರುವುದು ಬೆನ್ನು ನೆಲಕ್ಕೆ ಹಾಕುವುದಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಷ್ಟು ಬೆನ್ನುಗಳು ನೆಲ ಹಿಡಿದಾಗ ನಿಂತುಕೊಂಡಿರುವ ಬೆನ್ನೊಂದು ಬೇಕಲ್ಲ, ಅದು ದೊಡ್ಡತಾಯಮ್ಮನದು.

ಒಬ್ಬೊಬ್ಬರಿಗೂ ಒಂದೊಂದು ಆಗಬೇಕು. ಮಾವನಿಗೆ ಬೆಳಿಗ್ಗೆ ರಾಗಿ ಅಂಬಲಿ, ಅದಕ್ಕೆ ಹುಳಿ ಮಜ್ಜಿಗೆಯೇ ಆಗಬೇಕು, ಈರುಳ್ಳಿ ಸಣ್ಣಗೆ ಹೆಚ್ಚಿರಬೇಕು. ಅತ್ತೆಗೆ ಹಲ್ಲಿಲ್ಲ, ಅವಳ ಮಜ್ಜಿಗೆಯಲ್ಲಿ ಕರಿಬೇವಿನ ಎಲೆ ಬಾಯಿಗೆ ಸಿಕ್ಕಬಾರದು, ವಾಸನೆ ಮಾತ್ರ ಇರಬೇಕು. ಗಂಡ ಚಿಕ್ಕಸ್ವಾಮಿ ಹೊಲದಿಂದ ಬಂದವನೇ ಚೊಂಬು ಎತ್ತುವುದು ನೀರುಮಜ್ಜಿಗೆಗೆ, ಅದರಲ್ಲಿ ಹಸಿಮೆಣಸಿನಕಾಯಿ ಜಜ್ಜಿ ಹಾಕಿ ಕಿವಿಯಲ್ಲಿ ಹೊಗೆ ಬರುವಂತಿರಬೇಕು. ಪಾಂಡವಪುರದ ನಾದಿನಿ ಆಲೆಮನೆಯ ಬೆಲ್ಲವನ್ನು ತಾನೇ ಹೊತ್ತು ತರುತ್ತಿದ್ದಳು. "ಇದ್ರಲ್ಲೇ ಮಾಡು ಅತ್ಗೆ, ನಿಮ್ಮೂರ್ ಬೆಲ್ಲ ಉಪ್ಪುಪ್ಪು" ಎನ್ನುವಳು. ತಂದುಕೊಟ್ಟವಳು ಕುಟ್ಟಿಕೊಟ್ಟದ್ದನ್ನು ನಾನಂತೂ ನೋಡಲಿಲ್ಲ. ಮಕ್ಕಳಿಗೆ ಸಂಜೆ ಕರಬೂಜದ ಹಣ್ಣು ಕಿವುಚಿ, ಬೆಲ್ಲ ಏಲಕ್ಕಿ ಬೆರೆಸಿದ ರಸಾಯನದಂಥ ಪಾನಕ. ಅಳಿಯಂದಿರು ಬಂದ ದಿನ ನಿಂಬೆಹಣ್ಣಿನದು, ಅದಕ್ಕೆ ಶುಂಠಿ, ಕಾಳುಮೆಣಸು. ನಮ್ಮ ಬೀದಿಯ ಬೋರಿಂಗ್ ನೀರು ಸ್ವಲ್ಪ ಸವಳು, ಪಾನಕಕ್ಕೆ ಹಾಕಿದರೆ ರುಚಿ ಹತ್ತುವುದಿಲ್ಲ. ಹಾಗಾಗಿ ಪಾನಕದ ನೀರನ್ನು ಅವಳು ಹೊಲದ ಬಾವಿಯಿಂದ ಬೇರೆಯಾಗಿ ಹೊತ್ತು ತರುತ್ತಿದ್ದಳು. ತಂದು, ಸೋಸಿ, ಮರಳಿನ ಮೇಲೆ ಕೂರಿಸಿದ ಹೊಸ ಗಡಿಗೆಗೆ ತುಂಬುವಳು.

ಆಗ ತಾನೆ ಪೇಟೆಗಳಲ್ಲಿ ಬಾಟಲಿಯ ಕೂಲ್ ಡ್ರಿಂಕು ಎಲ್ಲ ಅಂಗಡಿಗೂ ಬರುತ್ತಿತ್ತು. ಊರ ಹಿರಿಯರು, ಅಯ್ಯೋ ಇನ್ನು ಪಾನಕ ಮಜ್ಜಿಗೆ ಕೇಳುವವರಿಲ್ಲ, ಕಾಲ ಕೆಟ್ಟಿತು ಎಂದು ಕಟ್ಟೆಯ ಮೇಲೆ ಕುಳಿತು ಮರುಗುತ್ತಿದ್ದರು. ಅವರೇನು ಮಾಡುತ್ತಿದ್ದವರೇ, ಕುಡಿಯುತ್ತಿದ್ದವರು. ಆ ಬಾಟಲಿಗಳ ದಾರಿ ಕಾಯುತ್ತಿದ್ದವಳು ಇಡೀ ಊರಿನಲ್ಲಿ ಒಬ್ಬಳೇ. "ನಮ್ಮೂರ್ಗೂ ಬಂದ್ಬುಡ್ಲಿ ಕಣಕ್ಕ ಅವು, ಇವರ್ ಬಾಯಿಗೆ ಹತ್ತಿದ್ರೆ ಸಾಕು" ಎಂದು ಗೋಡೆಯಾಚೆಯಿಂದ ಹೇಳಿದ್ದಳು. ಬಂದವು. ಶ್ರೀರಂಗಪಟ್ಟಣದ ನಾದಿನಿಯೇ ಒಂದು ಸಲ ಚೀಲದಲ್ಲಿ ಹಾಕಿಕೊಂಡು ತಂದಳು. ಎಲ್ಲರೂ ಕುಡಿದು, ತೇಗಿ, "ಎಷ್ಟಾದ್ರೂ ನಮ್ ದೊಡ್ಡತಾಯಿ ಪಾನಕದ ಮುಂದಿಲ್ಲ ಬುಡು" ಎಂದು ತೀರ್ಪು ಕೊಟ್ಟರು. ಅವಳ ಮುಖ ಇಳಿದುಹೋದದ್ದು ನನಗೊಬ್ಬಳಿಗೆ ಕಂಡಿತು.

ಅವಳಿಗೆ ಬೇಕಾಗಿದ್ದದ್ದು ಒಡವೆಯಲ್ಲ, ಸೀರೆಯಲ್ಲ. ಬೇಸಿಗೆಯ ಒಂದೇ ಒಂದು ಮಧ್ಯಾಹ್ನ ನಿದ್ದೆ. ಊಟವಾದ ಮೇಲೆ ಊರೆಲ್ಲ ಮಲಗುತ್ತದೆ, ನಾಯಿ ಕೋಳಿಗಳೂ ನೆರಳು ಹುಡುಕಿ ಬಿದ್ದುಕೊಳ್ಳುತ್ತವೆ. ಆದರೆ ಮಲಗಿದವರು ಎದ್ದಾಗ ಗಂಟಲು ಒಣಗಿರುತ್ತದೆ. ಎದ್ದವರ ಕೈಗೆ ಲೋಟ ಕೊಡಬೇಕಾದರೆ ಅವರು ಮಲಗಿದ್ದಾಗಲೇ ಬೆಲ್ಲ ಕರಗಿರಬೇಕು, ಮಜ್ಜಿಗೆ ಕಡೆದಿರಬೇಕು. ಮದುವೆಯಾಗಿ ಬಂದ ಮೇಲೆ ಬೇಸಿಗೆಯಲ್ಲಿ ಅವಳು ಮಧ್ಯಾಹ್ನ ಕಣ್ಣು ಮುಚ್ಚಿದ್ದಿಲ್ಲ. "ನಮ್ ತವರ್ನಲ್ಲಿ ನಡುಮನೆ ಕಿಟಕಿ ಕೆಳಗ್ ಮಲಗುದ್ರೆ ಕಾಲುವೆ ಗಾಳಿ ಬೀಸ್ತದೆ ಕಣಕ್ಕ. ಒಂದ್ ಜಿನ ಅಲ್ಲಿ ಮಲಗ್ಬೇಕು. ಯಾರೂ ಕರೀಬಾರ್ದು" ಎನ್ನುವಳು. ಅಷ್ಟೇ ಅವಳ ಆಸೆ. ಕೇಳಿದರೆ ನಗು ಬರಬೇಕು, ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು.

ಅವಳ ತವರು ಕೆ.ಆರ್. ಪೇಟೆಯ ಆಚೆ, ಹೇಮಗಿರಿಯ ಪಕ್ಕದ ಹಳ್ಳಿ. ತಾಯಿ ತೀರಿಕೊಂಡಿದ್ದಳು, ತಮ್ಮ ಶಿವಶಂಕರ ಮತ್ತು ಅವನ ಹೆಂಡತಿ ಜಯಲಕ್ಷ್ಮಮ್ಮ ಇದ್ದರು. ತಮ್ಮನೇನೂ ಅಕ್ಕನನ್ನು ಮರೆತವನಲ್ಲ. ಪ್ರತಿ ಬೇಸಿಗೆಯಲ್ಲೂ ಕರೆಯುವುದಕ್ಕೆ ಬರುತ್ತಿದ್ದ. ಬಂದು ಜಗಲಿಯ ಮೇಲೆ ಕೂತು, "ಅಕ್ಕನ್ನ ವಸಿ ದಿವ್ಸ ಕಳಿಸ್ಕೊಡಿ" ಎಂದು ಕೇಳುತ್ತಿದ್ದ. ಅತ್ತೆಯೇನೂ ಕೆಟ್ಟವಳಲ್ಲ, ಇಲ್ಲ ಎಂದು ಒಂದು ಸಲವೂ ಅಂದವಳಲ್ಲ. "ಕಳುಸ್ದೆ ಇರ್ತೀನೇನಪ್ಪ? ಎಣ್ಮಕ್ಕಳು ಬಂದವ್ರೆ, ಓಗ್ಲಿ ಅಂತ ಕಾಯ್ತಾವ್ನಿ" ಎನ್ನುವಳು. ಹೆಣ್ಣುಮಕ್ಕಳು ಹೋಗುವ ಹೊತ್ತಿಗೆ ಮಳೆ ಬಿದ್ದಿರುತ್ತಿತ್ತು. ಹೊಲಕ್ಕೆ ಗೊಬ್ಬರ ಹೊಡೆಯಬೇಕು, ರಾಗಿ ಬಿತ್ತನೆಗೆ ಆಳು ಸಾಲದು, ಇನ್ನೆಲ್ಲಿಯ ತವರು. ಶಿವಶಂಕರ ಅಕ್ಕನ ಕೈಯ ಪಾನಕ ಎರಡು ಲೋಟ ಕುಡಿದು, ಅದನ್ನೇ ಹೊಗಳಿಕೊಂಡು ಬಸ್ಸು ಹತ್ತುತ್ತಿದ್ದ. ಕರೆಯಲು ಬಂದವನು ಕುಡಿದು ಹೋದ ಎಂದು ನಾನು ಗೇಲಿ ಮಾಡಿದರೆ ಅವಳು ನಗುತ್ತಿದ್ದಳು. ನಗುವುದಕ್ಕೂ ಸುಸ್ತಾದವಳ ನಗು ಅದು.

ತೊಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ಆಗಬಾರದ್ದು ಆಯಿತು. ಆ ದಿನ ಶ್ರೀರಂಗಪಟ್ಟಣದ ಅಳಿಯ ಬಂದಿದ್ದ. ಅಡುಗೆಮನೆಯಲ್ಲಿ ಎರಡು ಗಡಿಗೆ ಪಕ್ಕಪಕ್ಕದಲ್ಲಿ. ಒಂದರಲ್ಲಿ ಇಂಗು, ಮೆಣಸಿನಕಾಯಿ, ಕೊತ್ತಂಬರಿ ಬಿದ್ದ ಮಜ್ಜಿಗೆ, ಇನ್ನೊಂದರಲ್ಲಿ ನೆನೆಹಾಕಿದ ಬೆಲ್ಲದ ನೀರು. ದೊಡ್ಡತಾಯಮ್ಮ ನಿಂತಲ್ಲೇ ತೂಕಡಿಸಿದಳೋ ಏನೋ, ಬೆಲ್ಲದ ನೀರನ್ನು ಸೋಸಿ ಸೋಸಿ ಮಜ್ಜಿಗೆಯ ಗಡಿಗೆಗೇ ಸುರಿದಳು. ಕದಡಿ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅಳಿಯ ಕಣ್ಣು ಮುಚ್ಚಿಕೊಂಡು ಒಂದು ದೊಡ್ಡ ಗುಟುಕು ಎಳೆದ. ಆಮೇಲೆ ಅವನು ಓಡಿದ್ದು ನೇರ ಹಿತ್ತಲಿಗೆ, ನಾನು ಗೋಡೆಯ ಈಚೆ ನಿಂತಿದ್ದವಳು ಎಲ್ಲ ನೋಡಿದೆ. ಮರುದಿನ ನಿಂಬೆಹಣ್ಣಿನ ಪಾನಕಕ್ಕೆ ಉಪ್ಪನ್ನು ಬೊಗಸೆಯಲ್ಲಿ ಹಾಕಿದಳು. ಅದರ ಮರುದಿನ ಮಾವನ ಅಂಬಲಿ ಮುದ್ದೆಯ ಹಾಗೆ ಗಟ್ಟಿಯಾಗಿ, ಸೌಟು ಕೀಳುವುದಕ್ಕೇ ಇಬ್ಬರು ಬೇಕಾದರು.

ಮನೆಯಲ್ಲಿ ಸಾವಾದಷ್ಟು ಗಾಬರಿ. ಅತ್ತೆ ಹಣೆಗೆ ಕೈಹೊತ್ತು ಕೂತಳು. ನಾನು ತಡೆಯಲಾರದೆ ಗೋಡೆಯ ಮೇಲಿಂದಲೇ ಹೇಳಿದೆ, "ಅತ್ಯಮ್ಮ, ಅವ್ಳಿಗೆ ಏನೂ ಆಗಿಲ್ಲ. ಸುಸ್ತಾಗದೆ ಅಷ್ಟೇಯ."

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಪಾನಕ ಕದಡಾಕೆ ಸುಸ್ತೇನವ್ವ? ಅವ್ಳೇನ್ ನೇಗ್ಲು ಕಟ್ಟವ್ಳಾ? ದಿಷ್ಟಿ ಕಣವ್ವ ಇದು, ದಿಷ್ಟಿ. ಬಂದೋರೆಲ್ಲ ಅವಳ್ ಕೈ ಕೈ ಅಂದ್ ಅಂದು ಕೈಗೇ ದಿಷ್ಟಿ ಆಗೋಗದೆ."

ಯಾರ ದೃಷ್ಟಿ ಎಂಬ ವಿಚಾರಣೆ ನಡೆಯಿತು. ಮಂಗಳವಾರ ಬಳೆ ಮಾರುವವಳು ಬಂದು ಎರಡು ಲೋಟ ಕುಡಿದಳಲ್ಲ, ಅವಳದೇ ಎಂದು ನಾದಿನಿಯರು ತೀರ್ಮಾನಿಸಿದರು. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದವರ ದೃಷ್ಟಿ ತಾಗುವುದಿಲ್ಲವೆಂದು ಕಾಣುತ್ತದೆ. ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ ಹಿಡಿದು ಅವಳ ಬಲಗೈಗೆ ಮೇಲಿಂದ ಕೆಳಗೆ ನಿವಾಳಿಸಿ ಒಲೆಗೆ ಹಾಕಿದರು. ಯಾರಿಗೂ ಕೆಮ್ಮು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಗಟ್ಟಿ ಎಂದು ಲೆಕ್ಕ. ಹೀಗೆ ಗಟ್ಟಿಯಾಗಿ ತಗುಲಿದ ದೃಷ್ಟಿಗೆ ಅತ್ತೆಗೆ ಗೊತ್ತಿದ್ದ ಮದ್ದು ಒಂದೇ, ಹುಟ್ಟಿದೂರಿನ ನೀರು. "ಮೂರ್ ದಿವ್ಸ ತವರ್ ನೀರು ಕುಡ್ಕೊಂಡ್ ಬಾ ಓಗವ್ವ. ಕೈ ಸರೋಯ್ತದೆ" ಎಂದಳು. ಅಷ್ಟು ವರ್ಷ ತಮ್ಮ ಬಂದು ಕರೆದರೂ ಸಿಗದ ರಜೆಯನ್ನು ಬಳೆಯವಳು ಕೊಡಿಸಿದಳು. ಆ ಪುಣ್ಯಾತ್ಗಿತ್ತಿ ಎಲ್ಲಿದ್ದರೂ ಚೆನ್ನಾಗಿರಲಿ.

ಚಿಕ್ಕಸ್ವಾಮಿ ಹೆಂಡತಿಯನ್ನು ಬಸ್ಸು ಹತ್ತಿಸಿ ಬಂದ. ನಾಗಮಂಗಲದಲ್ಲಿ ಒಂದು ಬಸ್ಸು, ಕೆ.ಆರ್. ಪೇಟೆಯಲ್ಲಿ ಇನ್ನೊಂದು. ಅಲ್ಲಿ ನಡೆದದ್ದನ್ನೆಲ್ಲ ಆಮೇಲೆ ಅವಳೇ ಸ್ವಲ್ಪ ಸ್ವಲ್ಪವಾಗಿ ನನಗೆ ಹೇಳಿದ್ದು.

ದಾರಿಯುದ್ದಕ್ಕೂ ಅವಳಿಗೆ ಅಳುಕು. ತಾಯಿ ಇಲ್ಲದ ತವರು, ತಮ್ಮನ ಹೆಂಡತಿ ಮುಖ ಸಿಂಡರಿಸಿದರೆ ಏನು ಗತಿ ಎಂದು. ಆದರೆ ಜಯ ನಗುನಗುತ್ತ ಕಾಲಿಗೆ ನೀರು ಕೊಟ್ಟಳು. ಬೇಲದ ಹಣ್ಣಿನ ಪಾನಕ ತಂದು ಕೈಗಿಟ್ಟಳು. ತಾನು ಮಾಡದ ಪಾನಕವನ್ನು ಕುಳಿತುಕೊಂಡು ಕುಡಿದದ್ದು ಯಾವ ಕಾಲವಾಗಿತ್ತೋ, ದೊಡ್ಡತಾಯಮ್ಮನ ಕಣ್ಣು ತುಂಬಿತು. ಊಟವಾದ ಮೇಲೆ ಜಯ ತಾನಾಗಿಯೇ ನಡುಮನೆಯ ಕಿಟಕಿಯ ಕೆಳಗೆ ಚಾಪೆ ಹಾಸಿ ದಿಂಬು ಕೊಟ್ಟಳು. "ಮಲಿಕ್ಕಳಕ್ಕ, ದಣುದ್ ಬಂದಿದ್ದೀರ" ಎಂದಳು. ಶಿವಶಂಕರ ಆಗಲೇ ಹೊರಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಕಾಲುವೆಯ ಗಾಳಿ ಬೀಸಿತು. ಅವಳು ಕಣ್ಣು ಮುಚ್ಚಿದಳು.

ಅಡುಗೆಮನೆಯಲ್ಲಿ ಬೆಲ್ಲ ಜಜ್ಜುವ ಸದ್ದು ಕೇಳಿಸಿತು. ಕಣ್ಣು ಮುಚ್ಚಿದ್ದರೂ ಕಿವಿ ಮುಚ್ಚಲಿಲ್ಲ. ಈಗ ಏಲಕ್ಕಿ ಕುಟ್ಟುತ್ತಾಳೆ ಅಂದುಕೊಂಡಳು, ಏಲಕ್ಕಿ ಕುಟ್ಟುವ ಸದ್ದು ಬಂತು. ಈಗ ಮಜ್ಜಿಗೆ ಅಂದುಕೊಂಡಳು, ಕಡಗೋಲು ಆಡತೊಡಗಿತು. ಸ್ವಲ್ಪ ಹೊತ್ತು ಆಡಿ ನಿಧಾನವಾಯಿತು. ಆಮೇಲೆ ನಿಂತುಹೋಯಿತು. ಬೆಣ್ಣೆ ಬರುವಷ್ಟು ಕಡೆದಿಲ್ಲ, ಮತ್ತೆ ಯಾಕೆ ನಿಂತಿತು ಎಂದು ಬೇರೆ ಯಾರೂ ಯೋಚಿಸುತ್ತಿರಲಿಲ್ಲ. ದೊಡ್ಡತಾಯಮ್ಮನಿಗೆ ಯೋಚಿಸುವುದೇ ಬೇಕಾಗಲಿಲ್ಲ, ಗೊತ್ತಾಯಿತು. ಎದ್ದು ಹೋಗಿ ನೋಡಿದಳು. ಜಯ ಗೋಡೆಗೆ ತಲೆ ಆನಿಸಿ, ಕಡಗೋಲಿನ ಹಗ್ಗ ಎರಡು ಕೈಯಲ್ಲೂ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ನಿಂತ ಬಾಗಿಲಲ್ಲಿ ತನ್ನನ್ನೇ ತಾನು ನೋಡಿದ ಹಾಗಾಯಿತಂತೆ ಅವಳಿಗೆ.

ಹೆಜ್ಜೆಯ ಸದ್ದಿಗೆ ಜಯ ದಡಕ್ಕನೆ ಎಚ್ಚರವಾದಳು. "ಯಾಕಕ್ಕ, ಏನ್ ಬೇಕಿತ್ತು? ಕೂಗಿದ್ರೆ ನಾನೇ ತತ್ತಿದ್ದೆ."

"ಏನೂ ಬ್ಯಾಡ ಕಣವ್ವ. ನೀನು ಬ್ಯಾಸಗೇಲಿ ತವರಿಗೆ ಓಗಾದಿಲ್ವಾ?"

ಜಯ ಮತ್ತೆ ಕಡಗೋಲು ಎಳೆಯತೊಡಗಿದಳು.

"ನಾನ್ ಬಂದೆ ಅಂತ ನಿಂತ್ಕಂಡ್ಯಾ? ಅಂಗಿದ್ರೆ ಯೋಳ್ಬುಡು. ನಾಳೀಕೆ ಬೆಳಗಿನ್ ಬಸ್ಗೆ ಓಗು ನೀನು. ಮೂರ್ ದಿವ್ಸ ಸಿವಂಗೆ ನಾನೇ ಮಾಡಾಕ್ತೀನಿ."

"ಅಯ್ಯೋ, ನಿಮ್ಮಿಂದಲ್ಲಕ್ಕ" ಎಂದು ಜಯ ನಕ್ಕಳು. "ನಾನ್ ಓಗಾದ್ ಬುಟ್ಟೇ ಬಾಳ ವರ್ಸ ಆಯ್ತು. ನಮ್ಮೂರು ಕರಿಘಟ್ಟದ ಬುಡದಲ್ಲದೆ, ಅತ್ರದಲ್ಲೇನೂ ಇಲ್ಲ. ಕಡೇ ಸಲ ಓದಾಗ ನಮ್ಮತ್ಗೆ ಅವಳ್ ತವರಿಗೆ ಒಂಟಿದ್ಲು. ಗಂಟು ಕಟ್ಕೊಂಡು ಬಾಗ್ಲಲ್ ನಿಂತಿದ್ಲು ಕಣಕ್ಕ. ನನ್ನ ನೋಡಿ, ಬಾ ಜಯ ಅಂತ ನಗ್‌ನಗ್ತಾನೇ ಒಳಿಕೋಗಿ ಗಂಟು ಬಿಚ್ಚುದ್ಲು. ನಾನ್ ಇರೋಗಂಟ ನಂಗೆ ಪಾನಕ ಮಾಡ್ಕೊಟ್ಲು. ಒಂದ್ ಗುಟುಕೂ ಗಂಟ್ಲಲ್ ಇಳೀನಿಲ್ಲ. ಅವತ್ತೇ ಅಂದ್ಕಂಡೆ, ನಾನ್ ಓದ್ರೆ ಅವ್ಳು ನಿಂತ್ಕತಾಳೆ, ನಾನೇ ನಿಂತ್ಕಂಡ್ರೆ ಅವಳಾದ್ರೂ ಓಗ್ತಾಳೆ ಅಂತ."

ದೊಡ್ಡತಾಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತನ್ನ ನಾದಿನಿಯರು ಹೊಣಕೆರೆಗೆ ಬಂದರೆ ತಾನು ನಿಲ್ಲಬೇಕು. ತಾನು ಹೇಮಗಿರಿಗೆ ಬಂದರೆ ಜಯ ನಿಲ್ಲಬೇಕು. ಜಯ ಕರಿಘಟ್ಟಕ್ಕೆ ಹೋದರೆ ಅವಳ ಅತ್ತಿಗೆ ನಿಲ್ಲಬೇಕು. ಒಬ್ಬಳು ಮಲಗಬೇಕಾದರೆ ಇನ್ನೊಬ್ಬಳು ಎದ್ದಿರಬೇಕು ಅಂತ ಯಾರು ಬರೆದಿಟ್ಟರೋ. ಗಂಡಸರ ಕೈಗೇನು ಲಕ್ವ ಹೊಡೆದಿತ್ತೇ ಎಂದು ನಾನು ಇಂದಿಗೂ ಕೇಳುತ್ತೇನೆ. ಅವಳು ಹಾಗೆಲ್ಲ ಕೇಳುವವಳಲ್ಲ. ಜಯನ ಕೈಯಿಂದ ಕಡಗೋಲಿನ ಹಗ್ಗ ಬಿಡಿಸಿದಳು.

"ಏಳು. ಬಂದು ಮಲಿಕ್ಕೊ."

"ಪಾನಕ ಆಗಿಲ್ಲ ಅಕ್ಕ. ಅವ್ರು ಎದ್ಬುಡ್ತಾರೆ."

"ಎದ್ರೆ ಏಳ್ಲಿ. ನಾನಿವ್ನಿ ಬಾ."

ಒಂದೇ ಚಾಪೆಯ ಮೇಲೆ ಇಬ್ಬರೂ ಮಲಗಿದರು. ಜಯ ಮಗ್ಗುಲು ತಿರುಗುವುದರೊಳಗೆ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು, ಬೆರಳುಗಳಲ್ಲಿ ಇನ್ನೂ ಏಲಕ್ಕಿಯ ವಾಸನೆ. ದೊಡ್ಡತಾಯಮ್ಮನಿಗೆ ನಿದ್ದೆ ಬರಲಿಲ್ಲ. ಈ ಹೊತ್ತಿನಲ್ಲಿ ಎದ್ದಿದ್ದೇ ಅಭ್ಯಾಸವಾಗಿಬಿಟ್ಟಿದ್ದ ಮೈ ಅದು. ಅದೂ ಅಲ್ಲದೆ ಹೊರಗಿನ ಕೋಣೆಯ ಗೊರಕೆಯ ಮೇಲೆ ಒಂದು ಕಿವಿ ಇಟ್ಟಿದ್ದಳು. ಗೊರಕೆ ನಿಂತಿತು. ಮಂಚ ಕಿರುಗುಟ್ಟಿತು.

"ಜಯಾ, ಪಾನಕ ತಾ" ಎಂದು ಶಿವಶಂಕರ ಕೂಗಿದ.

ನಿದ್ದೆಯಲ್ಲೇ ಜಯನ ಮೈ ಏಳಲು ಹೊರಟಿತು. ದೊಡ್ಡತಾಯಮ್ಮ ಅವಳ ಭುಜದ ಮೇಲೆ ಕೈ ಒತ್ತಿ ಹಿಡಿದಳು. ಬಾಗಿಲಿಗೆ ಬಂದ ತಮ್ಮನಿಗೆ ಮೆಲ್ಲಗೆ ಹೇಳಿದಳು, "ಅವ್ಳು ಮಲಗವ್ಳೆ. ಎಬ್ಬಿಸ್ಬ್ಯಾಡ."

"ಅಂಗಾದ್ರೆ ನೀನೇ ಮಾಡ್ಕೊಡಕ್ಕ. ನಿನ್ ಕೈ ಪಾನಕ ಕುಡ್ದು ವರ್ಸ ಆಯ್ತು."

"ನನ್ ಕೈಗೆ ದಿಷ್ಟಿ ಆಗದೆ ಕಣ್ಲಾ ಸಿವ. ಗಡಿಗೇಲಿ ನೀರದೆ, ಬಗ್ಗುಸ್ಕಂಡು ಕುಡಿ ಓಗು."

ಬಾಯಾರಿ ಬಂದವರಿಗೆ ಅವಳು ಜನ್ಮದಲ್ಲಿ ಇಲ್ಲ ಅಂದವಳಲ್ಲ. ಅಂದದ್ದು ಅದೇ ಮೊದಲು. ತನಗಾಗಿ ಒಂದು ಸಲವೂ ಆಡಲಾಗದ ಮಾತನ್ನು ಇನ್ನೊಬ್ಬಳಿಗಾಗಿ ಆಡಿದಳು. ಶಿವಶಂಕರ ಅಡುಗೆಮನೆಗೆ ಹೋಗಿ ಚೊಂಬು ಹುಡುಕಿದ. ಹುಡುಕುವಾಗ ನಾಲ್ಕು ಪಾತ್ರೆ ಬೀಳಿಸಿದ. ಕೊನೆಗೆ ನೀರು ಕುಡಿದ. ನೀರು ಕುಡಿದವನು ಸಾಯಲಿಲ್ಲ, ಎದ್ದು ಕಬ್ಬಿನ ಗದ್ದೆಗೆ ಹೋದ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಮೂರು ಮಧ್ಯಾಹ್ನವೂ ದೊಡ್ಡತಾಯಮ್ಮ ಚಾಪೆಯ ತುದಿಯಲ್ಲಿ ಕೂತು ಸೆರಗಿನಲ್ಲಿ ಗಾಳಿ ಬೀಸುತ್ತ ಕಾವಲಿದ್ದಳು.

ನಾಲ್ಕನೆಯ ದಿನ ಹೊಣಕೆರೆಗೆ ವಾಪಸು ಬಂದಳು. ಹೋದವಳ ಮುಖ ಹೇಗಿತ್ತೋ ಬಂದವಳ ಮುಖವೂ ಹಾಗೇ ಇತ್ತು, ಕಣ್ಣಿನ ಕೆಳಗೆ ಕಪ್ಪು, ನಡಿಗೆಯಲ್ಲಿ ಭಾರ. ಅವಳಿಲ್ಲದ ದಿನಗಳಲ್ಲಿ ನಾದಿನಿಯರು ಪೊಟ್ಟಣದ ಪುಡಿ ಕದಡಿ ಕುಡಿದು ಎಲ್ಲರ ನಾಲಿಗೆಯನ್ನೂ ಕಿತ್ತಳೆ ಬಣ್ಣ ಮಾಡಿಕೊಂಡಿದ್ದರು. ಬಂದ ಮಧ್ಯಾಹ್ನವೇ ಅವಳು ಬಾವಿಯ ನೀರು ತಂದು ಪಾನಕ ಮಾಡಿದಳು. ಅತ್ತೆ ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿ, "ಓಯ್ತು ಕಣವ್ವ ದಿಷ್ಟಿ! ನಾನ್ ಯೋಳ್ನಿಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಸಾರಿದಳು.

ನಾನು ಗೋಡೆಯ ಹತ್ತಿರ ಕಾದಿದ್ದೆ. ಅವಳು ಲೋಟಗಳನ್ನು ತೊಳೆಯಲು ಹಿತ್ತಲಿಗೆ ಬಂದಾಗ ಮೆಲ್ಲಗೆ ಕೇಳಿದೆ, "ಅಂತೂ ನಿದ್ದೆ ಮಾಡ್ಕಂಡ್ ಬಂದ್ಯೇನೇ ದೊಡ್ಡತಾಯಿ?"

ಅವಳು ಲೋಟ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಜಯ ಮಾಡುದ್ಲು ಕಣಕ್ಕ" ಎಂದಳು. "ಬಾಳ ಚೆನ್ನಾಗಿ ಮಾಡುದ್ಲು."